ನಾಲ್ಕನೆಯ ಕಂಬದ ಉಡಿ

ನನ್ನ ಮೂಲ ಅಂಕಪಟ್ಟಿಗಳು ಈಗಲೂ ಕಂಪನಿಯ ಕಪಾಟಿನಲ್ಲಿವೆ. ಎಸ್ಸೆಸ್ಸೆಲ್ಸಿಯದು ಒಂದು, ಸಿವಿಲ್ ಡಿಪ್ಲೊಮಾದ ಆರು. ಕೆಲಸಕ್ಕೆ ಸೇರಿದ ದಿನ ನೋಡಿ ಕೊಡುತ್ತೇವೆಂದು ಇಸಿದುಕೊಂಡವರು, ಮೂರು ವರ್ಷ ಮುಗಿಯುವವರೆಗೆ ಕೊಡುವುದಿಲ್ಲ ಎಂಬುದನ್ನು ಒಪ್ಪಂದದ ಕೊನೆಯ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ನಾನು ಓದದೆ ಸಹಿ ಹಾಕಿದೆ. ಸೇತುವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಂಡುಹಿಡಿಯುತ್ತೇನೆಂದು ಹೊರಟವಳ ಕಣ್ಣಿಗೆ ಅದೊಂದು ಸಾಲು ಬೀಳಲಿಲ್ಲ.

ಸೇತುವೆ ಇರುವುದು ಸವದತ್ತಿಗೂ ರಾಮದುರ್ಗಕ್ಕೂ ನಡುವೆ, ಮಲಪ್ರಭೆಯ ಮೇಲೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಜನ ಬಿಟ್ಟುಬಿಟ್ಟಿರುವ ನನ್ನ ಅಡ್ಡಹೆಸರನ್ನು ಮತ್ತೆ ಶುರು ಮಾಡುತ್ತಾರೆ. ಕಲ್ಲಿನ ಕಂಬಗಳ ಹಳೆಯ ಸೇತುವೆ ಅದು. ಹೊಸದು ಕಟ್ಟುವವರೆಗೆ ಹಳೆಯದರ ಆರೋಗ್ಯ ನೋಡಿಕೊಳ್ಳಲೆಂದು ಅದರ ಮೈತುಂಬ ಹನ್ನೆರಡು ಡಬ್ಬಿ ಕೂರಿಸಿದ್ದಾರೆ. ಕೆಲವು ನಡುಕ ಅಳೆಯುತ್ತವೆ, ಕೆಲವು ಬಿರುಕು. ಕಂಬ ಎಷ್ಟು ವಾಲಿತು ಎಂದು ಅಳೆಯುವವೂ ಇವೆ. ಎಲ್ಲವೂ ನನ್ನ ಫೋನಿಗೆ ಅಂಕಿ ಕಳಿಸುತ್ತವೆ. ಅಂಕಿ ಹಳದಿ ಗೆರೆ ದಾಟಿದರೆ ಕಚೇರಿಗೆ ತಿಳಿಸಬೇಕು. ಕೆಂಪು ದಾಟಿದರೆ ಇಂಜಿನಿಯರ್ ಬರುವವರೆಗೆ ಸೇತುವೆ ಮುಚ್ಚಿಸುವ ಅಧಿಕಾರ ನನಗಿದೆ ಎಂದು ಕಾಗದದಲ್ಲಿದೆ.

ನನ್ನ ಮೇಲೂ ಒಂದು ಕಣ್ಣಿದೆ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಎರಡು ತಾಸಿಗೊಮ್ಮೆ ಫೋನಿನಲ್ಲಿ ‘ಇದ್ದೇನೆ’ ಎಂಬ ಬಟನ್ ಒತ್ತಬೇಕು. ಸೇತುವೆಯಿಂದ ಎರಡು ಕಿಲೋಮೀಟರ್ ಆಚೆ ಹೋದರೆ ಆ ಬಟನ್ ಕೆಲಸ ಮಾಡುವುದಿಲ್ಲ. ಸಂಬಳದಲ್ಲಿ ಕತ್ತರಿ ಬಿದ್ದರೆ ಬೀಳಲಿ, ಆದರೆ ಮೂರು ಸಲ ತಪ್ಪಿದರೆ ಒಪ್ಪಂದ ಮುರಿದಂತೆ, ಅಂಕಪಟ್ಟಿ ಅಲ್ಲೇ ಉಳಿದಂತೆ. ಬೈಲಹೊಂಗಲದಲ್ಲಿರುವ ಅವ್ವ ಫೋನಿನಲ್ಲಿ, “ಅಲ್ಲಿ ಅಡ್ಡಾಡಾಕ ಏನೇನೈತಿ?” ಎಂದು ಕೇಳಿದಾಗ ನಾನು, “ಈ ತುದಿಯಿಂದ ಆ ತುದಿಗೆ ಪೂಲ ಐತಿ, ಆ ತುದಿಯಿಂದ ಈ ತುದಿಗೂ ಅದss ಐತಿ” ಎಂದಿದ್ದೆ. ಅವ್ವ ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ.

ಸೇತುವೆಯ ಈ ತುದಿಯಲ್ಲಿ ಬಸ್ ನಿಲ್ದಾಣ, ಅದರ ಹಿಂದಿನ ಮನೆಯಲ್ಲಿ ನನ್ನ ಬಾಡಿಗೆ ಕೋಣೆ. ಮನೆಯೊಡತಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು, ನಾನೂ ಅಂದೆ. ಕೋಣೆ ಕೇಳಲು ಬಂದ ದಿನ ಬಸ್ಸಿನಲ್ಲಿ ಒಂದು ಸುಳ್ಳು ಸಿದ್ಧಮಾಡಿಕೊಂಡಿದ್ದೆ. ಯಾವ ಮಂದಿ ಎಂದು ಕೇಳಿದರೆ ಹೇಳಬೇಕಾದದ್ದು. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಫೋಟೋ. ಕಾಯಿ ಒಡೆಯುವುದು, ಉಡಿ ತುಂಬುವುದು ಎಲ್ಲವನ್ನೂ ನಮ್ಮ ತಾತನ ಕಾಲಕ್ಕೇ ಬಿಟ್ಟ ಮನೆತನ. ನಿಜ ಹೇಳಿ ಎರಡು ಕಡೆ ಕೋಣೆ ಕಳೆದುಕೊಂಡಿದ್ದೆ. ಆಯಿ ಮಾತ್ರ, “ರೊಟ್ಟಿ ಬಿಸಿ ಬೇಕೋ, ಕಟಕ ನಡಿತಾವೋ?” ಎಂದಷ್ಟೇ ಕೇಳಿದಳು. ಸುಳ್ಳು ಖರ್ಚಾಗದೆ ನನ್ನಲ್ಲೇ ಉಳಿಯಿತು.

ಆಯಿಯ ಗಂಡನನ್ನು ಅಜ್ಜ ಎನ್ನುತ್ತಿದ್ದೆ. ಅವರು ಲಾರಿ ಡ್ರೈವರ್ ಆಗಿದ್ದವರು. ಸೇತುವೆ ಹೊಸದಾಗಿದ್ದಾಗ ಹತ್ತಿ ಹೇರಿಕೊಂಡು ಅದರ ಮೇಲೆ ಓಡಾಡಿದ್ದರಂತೆ. ನಾನು ಬರುವ ಹೊತ್ತಿಗೆ ಎರಡೂ ಮೂತ್ರಪಿಂಡ ಕೈಕೊಟ್ಟು, ಸೋಮವಾರ ಮತ್ತು ಗುರುವಾರ ಹೊಳೆ ದಾಟಿ ಸವದತ್ತಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಆಯಿ ಅದನ್ನು “ರಕ್ತ ತೊಳಸಾಕ” ಎನ್ನುತ್ತಿದ್ದಳು. ಏಳೂ ನಲವತ್ತರ ಬಸ್ಸು, ಡ್ರೈವರ್ ಹಿಂದಿನ ಕಿಟಕಿಯ ಸೀಟು. ಬೇರೆ ಯಾರಾದರೂ ಅಲ್ಲಿ ಕೂತಿದ್ದರೆ ಕಂಡಕ್ಟರ್ ಎಬ್ಬಿಸುತ್ತಿದ್ದ. ಅಜ್ಜ ಕೂತಲ್ಲಿಂದಲೇ ಡ್ರೈವರ್‌ಗೆ ಗೇರ್ ಬದಲಿಸಲು ಹೇಳುತ್ತಿದ್ದರು.

ಮೊದಲ ಬೇಸಿಗೆಯಲ್ಲಿ ಸೇತುವೆಯ ಸ್ವಭಾವ ನನಗೆ ತಿಳಿಯಿತು. ಮಧ್ಯಾಹ್ನದ ಬಿಸಿಲಿಗೆ ಕಂಬಗಳು ಕಣ್ಣಿಗೆ ಕಾಣದಷ್ಟು ವಾಲುತ್ತವೆ, ಸಂಜೆ ತಂಪಾದಾಗ ತಿರುಗಿ ಬರುತ್ತವೆ. ಬಸ್ಸು ದಾಟಿದರೆ ಅಂಕಿ ಅಲುಗುತ್ತದೆ, ಸುಮ್ಮನಾಗುತ್ತದೆ. ಇದನ್ನೆಲ್ಲ ಆಯಿಗೆ ಹೇಳಿದ್ದೆ. ಹೇಳಿದ್ದೆನೆಂದರೆ, ಕೊಚ್ಚಿಕೊಂಡಿದ್ದೆ. ದಿನವಿಡೀ ಒಬ್ಬಳೇ ಇರುವವಳಿಗೆ ಕೇಳುವವರೊಬ್ಬರು ಸಿಕ್ಕರೆ ನಾಲಗೆ ನಿಲ್ಲುವುದಿಲ್ಲ.

“ಪೂಲಿಗೆ ಎಲ್ಲೆ ನೋವಾತು ಅನ್ನೂದು ಆ ಡಬ್ಬಿಗೆ ಗೊತ್ತಾಕ್ಕತಿ, ಆಯಿ” ಎಂದೆ.

“ಹಂಗಾರ ಜೀವಾ ಇದ್ದಾಕಿ ಅನ್ನು” ಎಂದಳು ಆಯಿ. ನಾನು ಹೂಂ ಎಂದುಬಿಟ್ಟೆ.

ಅದೇ ವರ್ಷದ ಶ್ರಾವಣದಲ್ಲಿ ಅಕ್ಕನ ಕುಬಸ ಬಂತು, ಬಸುರಿಗೆ ಮಾಡುವ ಸೀಮಂತ. ಅಕ್ಕನನ್ನು ಕೊಟ್ಟದ್ದು ಕಿತ್ತೂರಿಗೆ. ಬೀಗರ ಮನೆಯಲ್ಲಿ ಇನ್ನೂ ಎಲ್ಲ ಶಾಸ್ತ್ರವೂ ಉಂಟು. ಹತ್ತು ಸಲ ಬೇಡಿ ಒಂದು ದಿನದ ರಜೆ ಪಡೆದೆ, ಫೋನ್ ಕೈಯಲ್ಲೇ ಇರಬೇಕೆಂಬ ಷರತ್ತಿನ ಮೇಲೆ. ಹೆದ್ದಾರಿಯ ಪಕ್ಕದ ಮನೆ, ಲಾರಿಗಳ ಸದ್ದು. ಹಸಿರು ಸೀರೆಯುಟ್ಟು ಕೂತಿದ್ದ ಅಕ್ಕನ ಮಡಿಲಿಗೆ ಮುತ್ತೈದೆಯರು ಅಕ್ಕಿ, ಉತ್ತತ್ತಿ, ಕಾಯಿ ಹಾಕುತ್ತಿದ್ದಾಗ ನನ್ನ ಫೋನ್ ಕಿರುಚಿತು. ನಾಲ್ಕನೆಯ ಕಂಬ, ಕೆಂಪು.

ಬಿಸಿಲಿನ ಆಟವಲ್ಲ ಅದು. ಅಂಕಿ ಒಮ್ಮೆಗೇ ನೆಗೆದು ಅಲ್ಲೇ ನಿಂತಿತ್ತು. ಅಡ್ಡ ಕಟ್ಟುವ ಸರಪಳಿಯ ಕೀಲಿ ಊರ ಪಂಚಾಯ್ತಿಯ ವಾಟರ್‌ಮನ್ ಹತ್ತಿರ ಇರುತ್ತದೆ. ಅವನಿಗೆ ಫೋನ್ ಮಾಡಿ ಸೇತುವೆ ಮುಚ್ಚಿಸಿದೆ. ಊಟಕ್ಕೂ ಕೂರದೆ ಬೈಲಹೊಂಗಲದ ಬಸ್ಸು ಹತ್ತಿ, ಅಲ್ಲಿಂದ ಸವದತ್ತಿ, ಅಲ್ಲಿಂದ ಟಂಟಂ ಆಟೋ ಹಿಡಿದು ಮುಟ್ಟುವಷ್ಟರಲ್ಲಿ ಹೊಳೆಯ ಎರಡೂ ದಡದಲ್ಲಿ ಗಾಡಿಗಳ ಸಾಲು. ತರಕಾರಿ ಟೆಂಪೋದವನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ನಾಲ್ಕನೆಯ ಕಂಬ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುವುದರಿಂದ ಅದರ ಡಬ್ಬಿಯನ್ನು ಮೇಲೆ, ಕಂಬದ ನೆತ್ತಿಯ ಮೇಲಿನ ಬದಿಗೋಡೆಗೆ ಬಡಿದ ತಗಡಿನ ಮೇಲೆ ಕೂರಿಸಿ ಕಬ್ಬಿಣದ ಪಂಜರ ಹಾಕಿದ್ದಾರೆ. ಪಂಜರದ ಬಾಗಿಲಿಗೆ ಬೀಗವಿರಲಿಲ್ಲ. ತೆರೆದು ನೋಡಿದೆ. ಡಬ್ಬಿಯ ಹಣೆಗೆ ಕುಂಕುಮ. ಡಬ್ಬಿಗೂ ಗೋಡೆಗೂ ನಡುವೆ ಹಸಿರು ಕುಬಸದ ಕಣ, ಆ ರವಿಕೆ ಬಟ್ಟೆಯೊಳಗೆ ಅಕ್ಕಿ, ಅರಿಷಿಣದ ಬೇರು, ಎಲೆ ಅಡಿಕೆ, ಮತ್ತು ತುರುಕಿ ಕೂರಿಸಿದ ಒಂದು ತೆಂಗಿನಕಾಯಿ. ಕಾಯಿಯ ಒತ್ತಿಗೆ ತಗಡು ತುಸು ಬಾಗಿ ಡಬ್ಬಿ ವಾಲಿತ್ತು. ಸೇತುವೆ ಇದ್ದ ಹಾಗೇ ಇತ್ತು.

ಹಿಂದೆ ನಿಂತಿದ್ದವರಿಗೆಲ್ಲ ಕಾಯಿ ಕಂಡಿತು. ಮೊದಲು ಯಾರೋ ಒಬ್ಬ ನಕ್ಕ, ಆಮೇಲೆ ಈ ದಡ ಆ ದಡ ಎಲ್ಲ ನಕ್ಕಿತು. ಅಂದಿನಿಂದ ನಾನು ಕಾಯಿ ಮೇಡಮ್.

ಆ ಕುಬಸದ ಕಣ ನನಗೆ ಗೊತ್ತಿತ್ತು. ಎರಡು ದಿನದ ಹಿಂದೆ ಆಯಿ ಪೆಟ್ಟಿಗೆಯಿಂದ ತೆಗೆದು, “ಬಣ್ಣಾ ಚಂದ ಐತಿಲ್ಲ?” ಎಂದು ತೋರಿಸಿದ್ದಳು. ಮನೆಗೆ ಹೋಗಿ ಅವಳ ಮುಂದೆ ಗಂಟನ್ನು ಕುಕ್ಕಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಆವತ್ತು ತಡೆಯಲೂ ಇಲ್ಲ.

“ಅದು ದೇವರಲ್ಲ ಆಯಿ, ಮಷಿನ್! ನನ್ನ ನೌಕರಿ ಹೋಗತಿತ್ತು!”

“ನೀನss ಹೇಳಿದ್ಯಲ್ಲ, ಜೀವಾ ಐತಿ ಅಂತ” ಎಂದಳು. ಕಣ್ಣಲ್ಲಿ ನೀರಿತ್ತು. “ಹೊಳಿ ತುಂಬೂ ಮದಲ ಹೆಣ್ಣಿಗೆ ಉಡಿ ತುಂಬಿ, ಗಟ್ಟಿ ನಿಂದರವ್ವಾ ಅಂದ ಬಂದೆ. ಅದು ನಿಂತರ ಇವರು ವಾರಕ್ಕ ಎರಡ ಸಲ ದಾಟತಾರ. ನನಗ ಮತ್ತೇನ ಬೇಕ ಹೇಳು.”

ಕಚೇರಿಗೆ ಯಾರೋ ಗೊತ್ತಿಲ್ಲದವರು ಇಟ್ಟಿದ್ದಾರೆಂದು ವರದಿ ಬರೆದೆ. ಕಚೇರಿಯ ಮೇಲಿನವರು ಫೋನಿನಲ್ಲಿ, “ಇನ್ನ ಮ್ಯಾಲೆ ನನ್ನ ಕೇಳದ ಸರಪಳಿ ಮುಟ್ಟಬ್ಯಾಡ್ರಿ. ಇನ್ನೊಮ್ಮಿ ಹಿಂಗಾದ್ರ ನೀವು ಮನೀಗಿ, ನಿಮ್ಮ ಮಾರ್ಕ್ಸ್ ಕಾರ್ಡ್ ನಮ್ಮಲ್ಲೆ” ಎಂದರು. ಅಧಿಕಾರ ಕಾಗದದಲ್ಲಿ ಉಳಿಯಿತು, ಕೈಯಲ್ಲಿ ಉಳಿಯಲಿಲ್ಲ. ಪಂಜರಕ್ಕೆ ನಾನೇ ಬೀಗ ತಂದು ಹಾಕಿದೆ. ಆಯಿ ಒಂದು ವಾರ ದಿನಕ್ಕೊಂದು ಬಗೆಯ ಚಟ್ನಿಹಿಂಡಿ ಕುಟ್ಟಿ ನನ್ನ ತಟ್ಟೆಗೆ ಹಾಕಿದಳು. ಕ್ಷಮೆ ಕೇಳುವ ಅವಳ ರೀತಿ ಅದು. ನಾನೂ ತಿಂದು ತಿಂದು ಸಮಾಧಾನವಾದೆ.

ಶ್ರಾವಣ ಮುಗಿಯುವ ಹೊತ್ತಿಗೆ ಮೇಲೆ ಮಳೆ ಹೆಚ್ಚಾಗಿ ಆಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ಕೆಂಪಾಗಿ, ಅಗಲವಾಗಿ, ಕಂಬಗಳ ಕುತ್ತಿಗೆಯವರೆಗೆ ಬಂತು. ಸೋಮವಾರ ತಗ್ಗಿನ ರಸ್ತೆಯ ಮೇಲೆ ನೀರು ನಿಂತು ಬಸ್ಸು ಬರಲಿಲ್ಲ. ಅಜ್ಜನ ಒಂದು ಪಾಳಿ ತಪ್ಪಿತು. ಬುಧವಾರದ ಹೊತ್ತಿಗೆ ಅವರ ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. “ನಾಳೆ ಗುರುವಾರ. ಒಮ್ಮಿ ಮಷಿನಿಗೆ ಹಚ್ಚಿದರ ಇಳಿತೈತಿ” ಎಂದು ತಾವೇ ಹೇಳಿಕೊಂಡರು.

ಆ ಬುಧವಾರವೇ ನಾಲ್ಕನೆಯ ಕಂಬದ ಅಂಕಿ ಸರಿಯತೊಡಗಿತ್ತು. ನೆಗೆಯಲಿಲ್ಲ. ಒಂದೊಂದೇ ಹೆಜ್ಜೆ ಮೇಲೆ ಹೋಗುತ್ತಿತ್ತು, ಸಂಜೆ ತಂಪಾದರೂ ತಿರುಗಿ ಬರಲಿಲ್ಲ. ಬೀಗ ತೆಗೆದು ನೋಡಿದೆ. ಪಂಜರದಲ್ಲಿ ಕಾಯಿಯಿಲ್ಲ, ಕುಂಕುಮವಿಲ್ಲ, ಒಂದು ಅಕ್ಕಿಕಾಳೂ ಇಲ್ಲ. ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದೆ! ಬಾಗಿದ್ದ ಹಳೆಯ ತಗಡನ್ನು ಕಂಪನಿಯವರು ಬಡಿದು ಸರಿಮಾಡಿದ್ದರು, ಬದಲಿಸಿರಲಿಲ್ಲ. ಅದೇ ಸಡಿಲಾಗಿರಬಹುದು. ಅಥವಾ ನೀರಿನಡಿಯಲ್ಲಿ ಕಂಬದ ಬುಡದ ಮಣ್ಣು ಕೊರೆದು ಹೋಗುತ್ತಿರಬಹುದು. ಮೇಲೆ ನಿಂತವಳಿಗೆ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ.

ಗುರುವಾರ ಬೆಳಗ್ಗೆ ಏಳಕ್ಕೆ ಅಂಕಿ ಕೆಂಪು ದಾಟಿತು. ಕಚೇರಿಗೆ ಫೋನ್ ಮಾಡಿದೆ.

“ಮತ್ತ ಕಾಯಿ ಇಟ್ಟಾರೇನ ನೋಡ್ರಿ” ಎಂದರು ಮೇಲಿನವರು.

“ನೋಡೇನ್ರಿ ಸರ್. ಏನೂ ಇಲ್ಲ. ಫೋಟೋ ಕಳಸೇನಿ. ಏಳೂ ನಲವತ್ತಕ್ಕ ಬಸ್ ಬರತೈತ್ರಿ.”

“ನಾ ಇಂಜಿನಿಯರ್ ಸಾಹೇಬ್ರನ್ನ ಕೇಳಿ ಹತ್ತಕ್ಕ ಹೇಳತೇನಿ. ಅಲ್ಲೀತನಕ ಏನೂ ಮಾಡಬ್ಯಾಡ್ರಿ.”

ಫೋನ್ ಇಟ್ಟರು. ಸೇತುವೆಯ ತುದಿಯಲ್ಲಿ ನಿಂತಿದ್ದೆ. ಎದುರಿಗೆ ನಿಲ್ದಾಣದ ಕಟ್ಟೆಯ ಮೇಲೆ ಅಜ್ಜ ಆಸ್ಪತ್ರೆಯ ಕಡತ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಚ್ಚಿದರೆ ಅವರು ಇಲ್ಲೇ ಉಳಿಯುತ್ತಾರೆ. ಮುಚ್ಚದಿದ್ದರೆ ಅವರು ಆ ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಸೀಟಿನಲ್ಲಿ, ನಾಲ್ಕನೆಯ ಕಂಬದ ಮೇಲಿರುತ್ತಾರೆ. ಹೆದರಿಕೆಯಾಯಿತು. ನೌಕರಿಯ ಹೆದರಿಕೆಯೂ ಅದರಲ್ಲಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು. ಎರಡು ಕಿಲೋಮೀಟರಿನೊಳಗೆ ಓಡಿಹೋಗುವ ಜಾಗವಿರಲಿಲ್ಲ. ವಾಟರ್‌ಮನ್‌ನನ್ನು ಕೂಗಿ ಸರಪಳಿ ಹಾಕಿಸಿದೆ, ಆ ದಡದವರಿಗೂ ಫೋನ್ ಮಾಡಿಸಿದೆ.

ಬಸ್ಸು ಬಂತು, ನಿಂತಿತು. ಡ್ರೈವರ್ ಇಳಿದು ಹೊಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ಮತ್ತ ಟೆಂಗಿನಕಾಯೇನ್ರಿ ಮೇಡಮ್?” ಎಂದ. ಜನ ನಕ್ಕರು. ಆಮೇಲೆ ನಗು ನಿಂತು ಬೈಗುಳ ಶುರುವಾಯಿತು. ಬೈಕಿನವರು ಸರಪಳಿಯ ತನಕ ಬಂದು ಎಂಜಿನ್ ಬೊಬ್ಬಿರಿಸಿದರು. ನಾನು ಸರಪಳಿ ಹಿಡಿದು ನಿಂತೆ.

ಗದ್ದಲದ ನಡುವೆ ಅಜ್ಜ ಬಂದರು. ಒಂದು ಕೈ ಆಯಿಯ ಹೆಗಲ ಮೇಲೆ.

“ಗಾಡಿ ಬ್ಯಾಡ. ನಾ ನಡಕೋತ ದಾಟತೇನಿ. ಆ ದಂಡಿಗೆ ಟಂಟಂ ನಿಂತಾವು” ಎಂದರು.

“ಬ್ಯಾಡ್ರಿ ಅಜ್ಜಾರ.”

“ಲಾರಿ ತುಂಬ ಹತ್ತಿ ಹೇರಿಕೊಂಡ ದಾಟಿದಾಂವ ನಾ ಇದರ ಮ್ಯಾಲೆ. ಈಗ ಬರೇ ಎಲಬ ಉಳದಾವು. ಈ ಎಲಬಿಗೆ ಬೀಳತೈತೇನ ನಿನ್ನ ಪೂಲ?”

ಬೀಳುವುದಿಲ್ಲ. ಒಬ್ಬ ಮನುಷ್ಯನ ಭಾರ ಸೇತುವೆಗೆ ಗೊತ್ತೇ ಆಗುವುದಿಲ್ಲ. ಎಷ್ಟೋ ಸಲ ನಾನೇ ನಡೆದು ಅಂಕಿ ನೋಡಿದ್ದೇನೆ, ಅದು ಮಿಸುಕಿದ್ದಿಲ್ಲ. ಅದು ಅಜ್ಜನಿಗೂ ಗೊತ್ತಿತ್ತು. ಆದರೆ ಅವರ ಹಿಂದೆ ಐವತ್ತು ಜನ ಇದ್ದರು, ಐವತ್ತೂ ಜನ ನನ್ನ ಬಾಯಿ ನೋಡುತ್ತಿದ್ದರು. ಒಬ್ಬರಿಗಾಗಿ ಸರಪಳಿ ಎತ್ತಿದರೆ ಅವರ ಬೆನ್ನಿಗೆ ಬೈಕು, ಬೈಕಿನ ಬೆನ್ನಿಗೆ ಟಂಟಂ. ಆಮೇಲೆ ಕಾಯಿ ಮೇಡಮ್ ಮಾತು ಯಾರು ಕೇಳುತ್ತಾರೆ?

“ಆಗೂದಿಲ್ರಿ” ಎಂದೆ. ಅವರ ಮುಖ ನೋಡಿ ಹೇಳಲು ಆಗಲಿಲ್ಲ, ಊದಿದ ಪಾದ ನೋಡಿ ಹೇಳಿದೆ. ಅದು ಇನ್ನೂ ಕೆಟ್ಟದಾಯಿತು.

ಆಯಿ ಏನಾದರೂ ಅನ್ನುತ್ತಾಳೆಂದು ಕಾದೆ. ಅವಳು ಅವರ ಕೈ ಹಿಡಿದು ತಿರುಗಿಸಿಕೊಂಡು ಹೋದಳು, ಅಷ್ಟೇ. ಆ ದಿನ ಸೇತುವೆಯ ಮೇಲೆ ಯಾರೂ ಹೋಗಲಿಲ್ಲ.

ಒಂದು ಗಾಡಿ ಗೊತ್ತುಮಾಡಿಕೊಂಡು ಅವರು ಇನ್ನೊಂದು ಸೇತುವೆಯ ಕಡೆಯಿಂದ ಸುತ್ತಿ ಹೋದರು. ಅಲ್ಲಲ್ಲಿ ರಸ್ತೆಯ ಮೇಲೆ ನೀರು. ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಅಷ್ಟರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ, ಅಲ್ಲಿಂದಲೇ ಧಾರವಾಡಕ್ಕೆ ಕಳಿಸಿದರು. ಹದಿನೈದು ದಿನ ಬಿಟ್ಟು ಮನೆಗೆ ಬಂದ ಅಜ್ಜ ಕಟ್ಟೆಯವರೆಗೂ ನಡೆಯಲಾರದ ಅಜ್ಜ. ಆಮೇಲೆ ಆಸ್ಪತ್ರೆಗೆ ಹೋಗುತ್ತಿದ್ದದ್ದು ಮಲಗಿಕೊಂಡು, ಬಾಡಿಗೆ ಗಾಡಿಯಲ್ಲಿ. ಸಂಕ್ರಾಂತಿಯ ಮರುವಾರ ತೀರಿಹೋದರು. ಹೃದಯ ಮೊದಲೇ ಸೋತಿತ್ತು ಎಂದರು ಡಾಕ್ಟರು. ವಯಸ್ಸಾಗಿತ್ತು ಎಂದಿತು ಊರು.

ಸೇತುವೆಯ ಕಥೆಯನ್ನೂ ಹೇಳಬೇಕು. ಇಂಜಿನಿಯರ್ ಮರುದಿನ ಬಂದರು. ನೀರು ನಾಲ್ಕು ದಿನದಲ್ಲಿ ಇಳಿಯಿತು, ಅಂಕಿ ಹೋದಲ್ಲೇ ನಿಂತಿತು, ತಿರುಗಿ ಬರಲಿಲ್ಲ. ನೀರಿಗಿಳಿದು ನೋಡಿದವರು ಬುಡದಲ್ಲಿ ಮಣ್ಣು ಹೋಗಿದೆ, ಎಷ್ಟು ಹಳೆಯದು ಎಷ್ಟು ಹೊಸದು ಹೇಳಲಾಗದು ಎಂದರು. ತಗಡೂ ಸಡಿಲಾಗಿತ್ತಂತೆ. ಬುಡಕ್ಕೆ ಕಲ್ಲು ಸುರಿದು, ತಗಡು ಬದಲಿಸಿ, ಹನ್ನೆರಡನೆಯ ದಿನ ಸೇತುವೆ ತೆರೆದರು. ಮುಚ್ಚಿಸಿದ್ದು ತಪ್ಪೆಂದು ಹೇಳಲಾಗುವುದಿಲ್ಲ ಎಂದು ವರದಿಯಲ್ಲಿ ಬರೆದರು. ಸರಿಯೆಂದು ಯಾರೂ ಬರೆಯಲಿಲ್ಲ. ಆದರೂ ನನ್ನ ನೌಕರಿ ಉಳಿಯಿತು. ವರ್ಗ ಕೇಳಿದೆ. “ನಿಮಗಿಂತಾ ಆ ಪೂಲ ಯಾರಿಗೆ ಗೊತ್ತೈತ್ರಿ?” ಎಂದು ಮೇಲಿನವರು ಈ ಸಲ ಹೊಗಳಿಯೇ ಇಲ್ಲಿ ಕಟ್ಟಿಹಾಕಿದರು.

ಸೇತುವೆ ಬೀಳಬೇಕೆಂದು ನಾನು ಬಯಸಿದ್ದುಂಟು. ಯಾರೂ ಮೇಲಿಲ್ಲದ ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ನಾಲ್ಕನೆಯ ಕಂಬದ ಹತ್ತಿರ. ಇಂಥ ಆಸೆ ಹೊತ್ತವಳನ್ನು ಅದೇ ಸೇತುವೆ ಕಾಯಲು ಕೂರಿಸಿದ್ದಾರೆ. ಆಯಿ ಒಮ್ಮೆಯಾದರೂ ಬೈದಿದ್ದರೆ ಉತ್ತರ ಕೊಡಬಹುದಿತ್ತು, ಅಳಬಹುದಿತ್ತು. ಅವಳು ಎಂದಿನ ಹಾಗೆ ಬಿಸಿ ರೊಟ್ಟಿ ಬಡಿಸುತ್ತಾಳೆ. ಆ ಮನೆ ಬಿಟ್ಟು ಬೇರೆ ಕೋಣೆ ಹಿಡಿಯಲು ನನಗೆ ಧೈರ್ಯವಾಗಲಿಲ್ಲ. ಅವಳ ಎದುರು ಕೂತು ಉಣ್ಣುವುದೂ ಸುಲಭವಲ್ಲ.

ಈ ಶ್ರಾವಣದ ಎರಡನೆಯ ಶುಕ್ರವಾರ ಬೆಳಗ್ಗೆ ಚಹಾ ಕೊಡುವಾಗ ಆಯಿ ಮೊದಲ ಸಲ ಕೇಳಿದಳು.

“ಆವತ್ತ ಅದು ಬೀಳತಿತ್ತೇನ ಯವ್ವಾ?”

ಹೌದು ಎಂದು ಹೇಳಿಬಿಡಬಹುದಿತ್ತು. ಅವಳು ನಂಬುತ್ತಿದ್ದಳು, ನಂಬಿ ಹಗುರಾಗುತ್ತಿದ್ದಳೋ ಏನೋ. ಆ ಬೆಳಗಿನ ಅಂಕಿಗಳನ್ನು ನಾನು ಹನ್ನೊಂದು ತಿಂಗಳಿಂದ ತೆಗೆದು ತೆಗೆದು ನೋಡಿದ್ದೇನೆ.

“ಗೊತ್ತಿಲ್ಲ, ಆಯಿ” ಎಂದೆ.

ಅವಳು ತಲೆಯಾಡಿಸಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಗಂಟು ಇತ್ತು. ಹಸಿರು ಕುಬಸದ ಕಣ, ಒಳಗೆ ಕಾಯಿ.

“ನನ್ನ ಕೈಲೆ ಈಗ ಉಡಿ ತುಂಬಾಕ ಬರೂದಿಲ್ಲ. ನೀ ಇಟ್ಟ ಬಾ” ಎಂದಳು. ಅವಳ ಹಣೆ ಖಾಲಿ, ಕೈ ಖಾಲಿ. ಏಳು ತಿಂಗಳಿಂದ ದಿನಾ ನೋಡುತ್ತಿದ್ದರೂ ಆವತ್ತು ಹೊಸದಾಗಿ ಕಂಡಿತು.

“ನಮ್ಮಲ್ಲಿ ಉಡಿ ತುಂಬೂದಿಲ್ಲ, ಆಯಿ. ನಾವು...”

“ಗೊತ್ತೈತಿ. ನೀ ಬಂದ ದಿನಾನss ಗೊತ್ತಿತ್ತು” ಎಂದು ಗಂಟನ್ನು ನನ್ನ ಕೈಗೆ ಹಾಕಿದಳು. “ಡಬ್ಬಿಗೆ ತಾಗಿಸಬ್ಯಾಡ, ಹೊರಗಿಡು. ಲಗೂನ ಹೋಗು, ಬಸ್ ಬರೂ ಹೊತ್ತಾತು.”

ಹೋದೆ. ಪಂಜರದಿಂದ ಒಂದು ಮಾರು ದೂರ, ಬದಿಗೋಡೆಯ ಮೇಲೆ ಗಂಟು ಇಟ್ಟೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನೇ ಹೇಳಿದೆ, ಗಟ್ಟಿ ನಿಂದರವ್ವಾ. ಅಷ್ಟರಲ್ಲಿ ಏಳೂ ನಲವತ್ತರ ಬಸ್ಸು ಬಂತು. ನಾನು ಗೋಡೆಗೆ ಒತ್ತಿ ನಿಂತು ಫೋನ್ ನೋಡಿದೆ. ನಾಲ್ಕನೆಯ ಕಂಬದ ಅಂಕಿ ಅಲುಗಿತು, ಬಸ್ಸು ದಾಟಿದ ಮೇಲೆ ತನ್ನ ಜಾಗಕ್ಕೆ ಬಂತು. ಡ್ರೈವರ್ ಹಿಂದಿನ ಕಿಟಕಿಯ ಸೀಟು ಖಾಲಿ ಇತ್ತು.